ಒಂದೇ ಗಾಯದ ನಾಣ್ಯಗಳು

ಹಳೇ ನಾಣ್ಯದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ ತಮ್ಮ ಮನೆಯಲ್ಲಿರುವ ತೂತು ಕಾಸಿಗೆ ಏನು ಬೆಲೆ ಬರಬಹುದು ಎಂದು ಕೇಳುತ್ತಾರೆ. ಅಷ್ಟು ವರ್ಷ ನಾನು ಪಟ್ಟ ಭಯವನ್ನು ಯಾರೂ ಕೇಳಿಲ್ಲ. ಈಚೆಗೆ ನನ್ನ ತಂಗಿಯ ಮಗಳು ತನ್ನ ಗೆಳತಿಯನ್ನು ಕರೆದುಕೊಂಡು ಪಾಂಡವಪುರದ ನಮ್ಮ ಮನೆಗೆ ಬಂದಳು. ಇಬ್ಬರೂ ಸೇರಿ ಹಳೇ ನಾಣ್ಯದ ವ್ಯಾಪಾರ ಮಾಡುತ್ತಾರಂತೆ. ಫೋನಿನಲ್ಲೇ ಕೊಳ್ಳುವುದು, ಫೋನಿನಲ್ಲೇ ಮಾರುವುದು. "ದೊಡ್ಡಮ್ಮ, ನಕಲಿ ಕಂಡುಹಿಡಿಯೋದು ಎಂಗೆ ಅಂತ ಒಂದು ಮಾತಲ್ಲಿ ಏಳ್ಬುಡು" ಅಂದಳು. ಒಂದು ಮಾತಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಆದ್ದರಿಂದ ಬರೆಯಲು ಕೂತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಶ್ರೀರಂಗಪಟ್ಟಣದ ಕೋಟೆಯೊಳಗಿದ್ದ ಗೌಸ್ ಸಾಹೇಬರ ಅಂಗಡಿಗೆ. ಒಂದು ಬಾಗಿಲು, ಒಂದು ಗಾಜಿನ ಮೇಜು, ಹಿಂದೆ ಒಂದು ಕಬ್ಬಿಣದ ಬೀರು. ದಿನವೂ ಪಾಂಡವಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಾಹೇಬರು ಎತ್ತರದ ಆಳು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಫಾರಸಿ ಅಕ್ಷರಗಳನ್ನು ನಾವು ಬಸ್ಸಿನ ಬೋರ್ಡು ಓದುವಷ್ಟು ಸಲೀಸಾಗಿ ಓದುತ್ತಿದ್ದರು. ಮೊದಲ ದಿನ ನನ್ನ ಮುಂದೆ ಎರಡು ಆನೆ ಕಾಸು ಇಟ್ಟು, "ಯಾವುದು ಸುಳ್ಳು?" ಅಂದರು. ಸುಲ್ತಾನರ ಕಾಲದ ತಾಮ್ರದ ಕಾಸು, ಒಂದು ಕಡೆ ಆನೆಯ ಚಿತ್ರ. ಎರಡೂ ಹಸಿರುಗಟ್ಟಿದ್ದವು. ಹೆಚ್ಚು ಹಳೆಯದಾಗಿ ಕಂಡದ್ದನ್ನು ಅಸಲಿ ಎಂದು ತೋರಿಸಿದೆ.

"ತಿಪ್ಪೆಯಲ್ಲಿ ಹೂತಿಟ್ಟರೆ ನೀನೂ ಹಳೇದಾಗ್ತೀಯ," ಅಂದರು. "ಬಣ್ಣ ನೋಡಬೇಡಮ್ಮ. ಅಕ್ಷರದ ಅಂಚು ನೋಡು."

ಭೂತಗನ್ನಡಿ ಕೈಗೆ ಕೊಟ್ಟು ತೋರಿಸಿದರು. ಅಚ್ಚಿನ ಮೇಲೆ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ ನಾಣ್ಯದಲ್ಲಿ ಲೋಹ ಒತ್ತಿಕೊಂಡು ಹರಿದಿರುತ್ತದೆ. ಎಷ್ಟೇ ಸವೆದಿದ್ದರೂ ಅಕ್ಷರದ ಬುಡ ಚೂಪಾಗಿ ನಿಂತಿರುತ್ತದೆ. ಮರಳಿನ ಎರಕದಲ್ಲಿ ಮಾಡಿದ ನಕಲಿ ಹಾಗಲ್ಲ. ಅಕ್ಷರಗಳು ಸೋಪಿನ ಮೇಲೆ ಬರೆದಂತೆ ಮೊಂಡಾಗಿರುತ್ತವೆ. ಮೈಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿರುತ್ತವೆ, ಗಾಳಿಗುಳ್ಳೆ ಒಡೆದ ಗುರುತು. ಅಂಚಿನ ಸುತ್ತ ಎರಡು ಭಾಗ ಕೂಡಿಸಿದ ಗೆರೆ ಇರುತ್ತದೆ, ಅದನ್ನು ಅರದಿಂದ ಉಜ್ಜಿ ಅಳಿಸಿರುತ್ತಾರೆ. ಉಜ್ಜಿದ ಗೀರು ಉಳಿದೇ ಉಳಿಯುತ್ತದೆ.

ಇಸವಿಯ ವಿಷಯವೂ ಹಾಗೆಯೇ. ಸುಲ್ತಾನರ ಆಳ್ವಿಕೆಯ ಮೊದಲ ವರ್ಷಗಳ ನಾಣ್ಯಗಳಲ್ಲಿ ಅಂಕಿಗಳು ಎಡದಿಂದ ಬಲಕ್ಕೆ ಇವೆ. ಆಮೇಲೆ ಪದ್ಧತಿ ಬದಲಾಯಿಸಿ ಬಲದಿಂದ ಎಡಕ್ಕೆ ಬರೆಸಿದರು. ಸ್ಮಾರಕಗಳ ಮುಂದೆ ಪ್ರವಾಸಿಗರಿಗೆ ಕಾಸು ಮಾರುವವರಿಗೆ ಇದು ಗೊತ್ತಿರಲಿಲ್ಲ. ಅರ್ಧ ಗೊತ್ತಿದ್ದ ನಾನು ತಿರುಗಿಸಿ ಬರೆದಿಲ್ಲ ಎಂದು ಒಂದು ಒಳ್ಳೆಯ ಕಾಸನ್ನು ನಕಲಿಯ ಡಬ್ಬಕ್ಕೆ ಹಾಕಿದ್ದೆ. ಅದು ಮೊದಲ ವರ್ಷಗಳ ಕಾಸು. ಸಾಹೇಬರು ಡಬ್ಬದಿಂದ ತೆಗೆದು ನನ್ನ ಮುಂದಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ಕೆಲಸದ ಭಯ ಒಂದೇ ಕಡೆಯದಲ್ಲ, ಇದನ್ನು ನೀವು ಮೊದಲು ತಿಳಿಯಬೇಕು. ಸುಳ್ಳನ್ನು ನಿಜ ಅಂದರೆ ಅಂಗಡಿ ಮುಳುಗುತ್ತದೆ. ನಿಜವನ್ನು ಸುಳ್ಳು ಅಂದರೆ ತಂದವರ ಮನಸ್ಸು ಮುರಿಯುತ್ತದೆ. ಒಮ್ಮೆ ಪಾಂಡವಪುರದ ಹೆಂಗಸೊಬ್ಬರು ಒಡೆಯರ ಕಾಲದ, ಇಪ್ಪತ್ತು ಕಾಸು ಬೆಲೆಯ ಒಂದು ತಾಮ್ರದ ನಾಣ್ಯ ತಂದರು. ಅದರ ಮೇಲಿದ್ದ ಸಿಂಹದ ಜೂಲು ಎಳೆಎಳೆಯಾಗಿ ಕಾಣುತ್ತಿತ್ತು. ಇಷ್ಟು ಹೊಸದಾಗಿರಲು ಸಾಧ್ಯವೇ ಇಲ್ಲ ಎಂದು ಸಾಹೇಬರು ನಕಲಿ ಅಂದುಬಿಟ್ಟರು. ಆಕೆ, "ನಮ್ಮತ್ತೆ ಕುಂಕುಮದ ಭರಣೀಲಿ ಮಡಗಿದ್ರು ಸ್ವಾಮಿ, ನಾನ್ಯಾಕೆ ಸುಳ್ಳು ಏಳ್ಲಿ" ಎಂದು ಕಣ್ಣು ತುಂಬಿಕೊಂಡು ಹೋದರು. ಅಂದು ಇಡೀ ಮಧ್ಯಾಹ್ನ ಸಾಹೇಬರು ಕೂತಲ್ಲಿ ಕೂರಲಿಲ್ಲ. ಮರುದಿನ ನನ್ನ ಜೊತೆ ಬಸ್ಸು ಹತ್ತಿ ಆಕೆಯ ಮನೆ ಹುಡುಕಿಕೊಂಡು ಬಂದರು. ಹಿತ್ತಿಲ ಬೆಳಕಿನಲ್ಲಿ ಮತ್ತೆ ನೋಡಿದರು. ಅಂಚು ಸರಿಯಿತ್ತು, ತೂಕ ಸರಿಯಿತ್ತು. ಭರಣಿಯಲ್ಲಿ ಕೂತ ಕಾಸಿಗೆ ಸವೆತ ಎಲ್ಲಿಂದ ಬರಬೇಕು? "ತಪ್ಪು ನನ್ನದು ತಾಯಿ" ಎಂದು ಆಕೆಯ ಮುಂದೆ ಕೈ ಮುಗಿದರು. ಆಕೆ ಆ ಕಾಸನ್ನು ಆಮೇಲೆ ಮಾರಲೇ ಇಲ್ಲ. ಆದರೆ ಅಂದಿನಿಂದ ಸಾಹೇಬರ ಬಗ್ಗೆ ನನಗಿದ್ದ ಹೆದರಿಕೆ ಹೋಗಿ ಬೇರೆ ಏನೋ ಬಂತು.

ನಮ್ಮಿಬ್ಬರ ನಡುವೆ ಒಂದು ಗುಟ್ಟಿನ ಮಾತಿತ್ತು. ಗಿರಾಕಿಯ ಎದುರಿಗೇ ಇದು ನಕಲಿ ಎನ್ನುವುದು ಒಳ್ಳೆಯದಲ್ಲ. ಕೆಲವರು ತಿಳಿಯದೆ ತಂದಿರುತ್ತಾರೆ, ಕೆಲವರು ತಿಳಿದೇ ತಂದಿರುತ್ತಾರೆ, ಎರಡನೆಯವರು ಮೇಲೆ ಬೀಳುತ್ತಾರೆ. ಆದ್ದರಿಂದ ಅನುಮಾನ ಬಂದರೆ "ಬೆಳಕು ಸಾಲ್ದು" ಅನ್ನಬೇಕು. ಇನ್ನೊಬ್ಬರು "ಹೌದು, ನಾಳೆ ನೋಡೋಣ" ಅನ್ನಬೇಕು. ಅಷ್ಟೇ.

ಕಾಲ ಬದಲಾಯಿತು. ಜೇಬಿನಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಭೂತಗನ್ನಡಿಯ ಬದಲು ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡುವುದು ಬಂತು. ಮೈಸೂರಿನ ಚಿನ್ನದ ಅಂಗಡಿಗಳಲ್ಲಿ ಲೋಹ ಎಷ್ಟು ಶುದ್ಧ ಎಂದು ಗಳಿಗೆಯಲ್ಲಿ ಹೇಳುವ ಯಂತ್ರ ಬಂತು. ಜೊತೆಗೆ, ಟ್ರಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತಾರೆ ಎನ್ನುವ ವಿಡಿಯೋಗಳೂ, ದೇವರ ಚಿತ್ರವಿರುವ, ಅಕ್ಕಿಕಾಳನ್ನು ಅಯಸ್ಕಾಂತದಂತೆ ಎಳೆಯುವ, ಬ್ರಿಟಿಷ್ ಕಂಪನಿ ಕಾಲದ ನಾಣ್ಯ ಎಂಬ ಮೋಸವೂ ಬಂದವು. ಕಂಪನಿಯವರು ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಹಾಗೆಂದು ಹೇಳಿದರೆ ಜನ ನಮ್ಮನ್ನೇ ಕಳ್ಳರಂತೆ ನೋಡಿ ಎದ್ದು ಹೋಗುತ್ತಿದ್ದರು.

ಇದೇ ಕಾಲದಲ್ಲಿ ಸಾಹೇಬರ ಕಣ್ಣು ಮಂಜಾಗುತ್ತಿತ್ತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಾಣ್ಯವನ್ನು ಮೂಗಿನ ಹತ್ತಿರ ಹಿಡಿಯತೊಡಗಿದರು. ಬಂದವರು ಮಾತಾಡುವವರೆಗೆ ಅವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಟೀ ಲೋಟವನ್ನು ಮೇಜಿನ ಅಂಚಿನಾಚೆ ಇಡಹೋಗಿ ಬೀಳಿಸಿದ ದಿನ, "ಈ ಮೇಜು ಅಲ್ಲಾಡ್ತದೆ" ಅಂದರು. ಮೇಜು ಅಲ್ಲಾಡುತ್ತಿರಲಿಲ್ಲ. ಅಲ್ಲಿಂದ ಪ್ರತಿ ನಾಣ್ಯವನ್ನೂ ಅವರು ನೋಡಿದ ಮೇಲೆ ನಾನು ಕದ್ದು ಇನ್ನೊಮ್ಮೆ ನೋಡುತ್ತಿದ್ದೆ. ಅವರು ಸರಿ ಅಂದದ್ದು ಸರಿಯಿರಲಪ್ಪ ಎಂದು ಬೇಡಿಕೊಳ್ಳುತ್ತಿದ್ದೆ.

ಅಂಥ ಹೊತ್ತಿನಲ್ಲಿ ರಾಜಣ್ಣ ಎಂದು ಹೇಳಿಕೊಂಡ ಒಬ್ಬ ಬಂದ. ಬಿಳಿ ಷರಟು, ಮೆತ್ತಗಿನ ಮಾತು, ಐವತ್ತರ ಆಸುಪಾಸು. ಕರ್ಚೀಫಿನ ಗಂಟು ಬಿಚ್ಚಿ ಎರಡು ಪುಟ್ಟ ಚಿನ್ನದ ನಾಣ್ಯ ಮೇಜಿನ ಮೇಲಿಟ್ಟ. ಸಾಹೇಬರು ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಆಮೇಲೆ ಕುರ್ಚಿಯಿಂದ ಎದ್ದು ನಿಂತೇಬಿಟ್ಟರು.

"ಪಟನ್," ಅಂದರು.

ಪಟನ್ ಅಂದರೆ ನಮ್ಮ ಶ್ರೀರಂಗಪಟ್ಟಣವೇ, ಇಲ್ಲಿನ ಟಂಕಸಾಲೆಯ ಹೆಸರು. ಇದೇ ಊರಿನಲ್ಲಿ ಹುಟ್ಟಿ, ಇದೇ ಊರಿನ ಕಾಸುಗಳನ್ನು ಜೀವಮಾನವಿಡೀ ಮಾರಿದ ಮನುಷ್ಯ. ಆದರೆ ಈ ಊರಿನಲ್ಲಿ ಟಂಕಿಸಿದ ಚಿನ್ನದ ನಾಣ್ಯ ಒಂದೂ ಅವರ ಸ್ವಂತಕ್ಕೆ ಸಿಕ್ಕಿರಲಿಲ್ಲ. ಬೇರೆಯವರ ಬಳಿ ನೋಡಿ, ಮುಟ್ಟಿ, ವಾಪಸು ಕೊಟ್ಟಿದ್ದರು.

"ನೆಲದಲ್ಲಿ ಸಿಕ್ಕಿದ್ದಾ?" ಎಂದು ಕೇಳಿದರು. ಅದನ್ನು ಅವರು ಎಲ್ಲರನ್ನೂ ಕೇಳುತ್ತಿದ್ದರು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು, ಅದನ್ನು ನಾವು ಮುಟ್ಟುತ್ತಿರಲಿಲ್ಲ.

"ಇಲ್ಲ ಸಾಹೇಬ್ರೇ. ನಮ್ಮಜ್ಜಿ ಪೆಟ್ಟಿಗೇಲಿದ್ದೋ. ಕಿಕ್ಕೇರಿ ತಾವ ನಮ್ಮ ತೋಟದ ಮನೇಲಿ ಇನ್ನೂ ಅವೆ, ಒಂದು ಸಣ್ಣ ಚೆಂಬಿನ ತುಂಬ. ದಾಯಾದಿಗಳ್ಗೆ ಗೊತ್ತಾದ್ರೆ ಕೋಲ್ಟು ಕಚೇರಿ ಅಂತ ಎಳೀತಾರೆ. ಅದ್ಕೇ ಸದ್ದಿಲ್ದೆ ಒಬ್ರಿಗೇ ಕೊಟ್ಬುಡವಾ ಅಂತ. ಇವೆರಡೂ ನಿಮ್ತಾವೇ ಇರ್ಲಿ. ಎಲ್ಲಿ ಬೇಕಾದ್ರೂ ಪರೀಕ್ಷೆ ಮಾಡ್ಸಿ. ಆಮೇಕೆ ಬತ್ತೀನಿ."

ಚಿನ್ನವನ್ನು ಬಿಟ್ಟು, ಚೀಟಿಯನ್ನೂ ಕೇಳದೆ ಹೋದ. ನನಗೆ ಆಗಲೇ ಅನುಮಾನ ಬಂತು.

ನಾವು ಆ ಎರಡನ್ನೂ ಬಿಡದೆ ಪರೀಕ್ಷಿಸಿದೆವು. ತೂಕ ಸರಿ. ದಾರದಲ್ಲಿ ಕಟ್ಟಿ ನೀರಿನಲ್ಲಿ ತೂಗಿ ನೋಡಿದರೂ ಸರಿ. ಅಕ್ಷರದ ಬುಡ ಚೂಪು. ಅಂಕಿಗಳು ಬಲದಿಂದ ಎಡಕ್ಕೆ. ಮೈಸೂರಿನ ಯಂತ್ರವೂ ಚಿನ್ನ ಚೆನ್ನಾಗಿದೆ ಎಂದಿತು. ಒಂದರಲ್ಲಿ ಮಾತ್ರ, ಅಕ್ಷರವೊಂದರ ಬಾಲದ ಪಕ್ಕ ಅಂಚಿನವರೆಗೆ, ಯಾರೋ ಉಳಿಯ ಮೊನೆಯಿಂದ ಕೆತ್ತಿದಂಥ ಒಂದು ಗಾಯವಿತ್ತು. ಚಿನ್ನವೋ ಅಲ್ಲವೋ ನೋಡಲು ಹಿಂದಿನ ಕಾಲದ ಚಿನಿವಾರರು ಹಾಗೆ ಕೆತ್ತಿ ನೋಡುತ್ತಿದ್ದದ್ದುಂಟು.

"ಸಾಹೇಬ್ರೇ, ಇಷ್ಟು ಅಪರೂಪದ್ದು ಒಂದೇ ಮನೇಲಿ ಚೆಂಬಿನ ತುಂಬ ಎಂಗಿರ್ತದೆ?" ಅಂದೆ.

"ಟಂಕಸಾಲೆ ಇದ್ದ ಊರಮ್ಮ ಇದು. ಇಲ್ಲಿ ಇರದೆ ಎಲ್ಲಿರಬೇಕು?"

"ಅವನು ಯಾಕೆ ಚೀಟಿ ಕೇಳ್ಲಿಲ್ಲ?"

"ನಂಬಿಕೆ," ಅಂದರು. "ಎಲ್ಲರೂ ನಿನ್ನ ಹಾಗೆ ಅನುಮಾನದ ಪ್ರಾಣಿಗಳಾ?"

ರಾಜಣ್ಣ ಮತ್ತೆ ಬಂದು, ಫೋನ್ ನಂಬರನ್ನೂ ಕೊಡದೆ, ದುಡ್ಡು ತೆಗೆದುಕೊಂಡು ಕಿಕ್ಕೇರಿಗೆ ಬನ್ನಿ ಎಂದು ದಿನ ಹೇಳಿ ಹೋದ. ಸಾಹೇಬರು ತಮ್ಮ ಸ್ವಂತ ಸಂಗ್ರಹದ ಬೆಳ್ಳಿ ರೂಪಾಯಿಗಳನ್ನೆಲ್ಲ ಮೈಸೂರಿನ ವ್ಯಾಪಾರಿಯೊಬ್ಬರಿಗೆ ಮಾರಿದರು. ತಂದೆಯ ಕಾಲದಿಂದ ಕೂಡಿಸಿದ್ದವು. ಬೀರುವಿನ ಆ ಅರೆ ಖಾಲಿಯಾದದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಬಂದ ದುಡ್ಡನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಬಾಡಿಗೆ ಕಾರಿನಲ್ಲಿ ಕಿಕ್ಕೇರಿಗೆ ಹೊರಟರು. ಚೀಲ ಅಂಗಡಿಯಲ್ಲೇ ಇರಲಿ, ಮೊದಲು ನೋಡಿ ಬರೋಣ ಎಂದು ನಾನು ಬೇಡಿಕೊಂಡರೂ ಕೇಳಲಿಲ್ಲ. ನಾನೂ ಜೊತೆಗೆ ಹೋದೆ. ಕೆ.ಆರ್. ಪೇಟೆ ದಾಟುವವರೆಗೆ ಸಾಹೇಬರು ಹಬ್ಬಕ್ಕೆ ಹೋಗುವವರಂತೆ ಮಾತಾಡುತ್ತಿದ್ದರು. ನಾನು ಡ್ರೈವರ್ ಸುರೇಶನ ನಂಬರನ್ನು ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಬರುವಂತೆ ಇಟ್ಟುಕೊಂಡೆ.

ಕಿಕ್ಕೇರಿಯಲ್ಲಿ ರಾಜಣ್ಣ ಕಾಯುತ್ತಿದ್ದ. "ಕಾರು ಇಲ್ಲೇ ಇರ್ಲಿ, ಊರೋರು ನೋಡಿ ಯಾರು ಏನು ಅಂತ ಕೇಳ್ತಾರೆ" ಎಂದು ನಮ್ಮನ್ನು ತನ್ನ ಜೀಪಿಗೆ ಹತ್ತಿಸಿಕೊಂಡ. ಓಡಿಸುತ್ತಿದ್ದವನು ಮಂಜ ಎಂಬ ಯುವಕ. ಅವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ಸಾಹೇಬರ ತೊಡೆಯ ಮೇಲಿದ್ದ ಚೀಲವನ್ನೇ ನೋಡುತ್ತಿದ್ದ. ಕಬ್ಬಿನ ಗದ್ದೆಗಳ ನಡುವೆ ಎಷ್ಟು ತಿರುವು ತೆಗೆದುಕೊಂಡೆವೋ ನನಗೆ ತಿಳಿಯಲಿಲ್ಲ.

ತೋಟದ ಮನೆಯ ಒಳಕೋಣೆಯ ಕಿಟಕಿಗಳನ್ನು ಮುಚ್ಚಿದ್ದರು. ಹೊರಗೆ ಸುಡುವ ಬಿಸಿಲು, ಒಳಗೆ ಒಂದೇ ಬಲ್ಬು. ಚಾಪೆಯ ಮೇಲೆ ಹಿತ್ತಾಳೆ ಚೆಂಬು. ನಾವು ವಾಪಸು ತಂದಿದ್ದ ಎರಡು ನಾಣ್ಯಗಳನ್ನು ರಾಜಣ್ಣ ಪಕ್ಕದಲ್ಲಿ ಬಟ್ಟೆಯ ಮೇಲಿಟ್ಟ. ಸಾಹೇಬರು ಚೆಂಬಿನ ಬಾಯಿಂದ ನಾಲ್ಕೈದು ನಾಣ್ಯ ತೆಗೆದರು. ನಾನು ಜೇಬಿನ ತಕ್ಕಡಿಯಲ್ಲಿ ತೂಗಿದೆ. ಎಲ್ಲವೂ ಸರಿ. ಸಾಹೇಬರ ಮುಖ ಅರಳಿತು.

"ಅಡೀಲಿರೋವನ್ನೂ ನೋಡ್ಬೇಕು," ಅಂದೆ.

ರಾಜಣ್ಣ ಚೆಂಬಿನ ಬಾಯಿಗೆ ಅಂಗೈ ಅಡ್ಡ ಇಟ್ಟ. "ಎಲ್ಲಾ ಒಂದೇ ಕಣಕ್ಕಾ. ಮೇಲಿಂದು ಬ್ಯಾರೆ ಅಡೀದು ಬ್ಯಾರೆ ಅಂತ ಐತಾ? ಸಾಹೇಬ್ರೇ ಒಪ್ಪವ್ರೆ, ನಿಮ್ಗೇನು?"

"ಹೌದಮ್ಮ, ಸಾಕು," ಅಂದರು ಸಾಹೇಬರು.

ಅಷ್ಟರಲ್ಲಿ ರಾಜಣ್ಣನ ಫೋನು ಬಡಿದುಕೊಂಡಿತು. ಅವನು ಕೈ ತೆಗೆದು ಜೇಬಿಗೆ ಹಾಕಿದ. ನನಗೆ ಎಲ್ಲಿಂದ ಧೈರ್ಯ ಬಂತೋ, ಚೆಂಬಿನೊಳಕ್ಕೆ ಕೈ ಇಳಿಸಿ ಅಡಿಯಿಂದ ಮೂರು ನಾಣ್ಯ ಹಿಡಿದು ತೆಗೆದೆ. "ಏ, ಯಾಕಕ್ಕೋ!" ಎಂದು ಮಂಜ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದ. ನಾನು ಆಗಲೇ ಫೋನಿನ ದೀಪ ಹಚ್ಚಿ ಭೂತಗನ್ನಡಿ ಹಿಡಿದಿದ್ದೆ.

ಅಕ್ಷರಗಳು ಮೊಂಡು. ಮೈಮೇಲೆ ಸೂಜಿ ಗುಳಿಗಳು. ಮೊದಲನೆಯದರಲ್ಲಿ ಅಕ್ಷರದ ಬಾಲದ ಪಕ್ಕ ಅಂಚಿನವರೆಗೆ ಒಂದು ಗಾಯ. ಎರಡನೆಯದರಲ್ಲೂ ಅದೇ ಜಾಗದಲ್ಲಿ, ಅದೇ ಉದ್ದದ ಗಾಯ. ಮೂರನೆಯದರಲ್ಲೂ. ಯಾವ ಚಿನಿವಾರನೂ ಎಲ್ಲ ನಾಣ್ಯಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಕಡೆ ಉಳಿ ಹಾಕುವುದಿಲ್ಲ. ಗಾಯವಿದ್ದ ಆ ಅಸಲಿ ನಾಣ್ಯವನ್ನೇ ಒತ್ತಿ ಎರಕದ ಅಚ್ಚು ಮಾಡಿದ್ದರು. ಗಾಯವೂ ಎಲ್ಲಕ್ಕೂ ಇಳಿದು ಬಂದಿತ್ತು.

ಹೊರಗೆ ಕಬ್ಬು ಬಿಟ್ಟರೆ ಏನೂ ಇಲ್ಲ. ಸಾಹೇಬರ ತೊಡೆಯ ಮೇಲೆ ಚೀಲ.

"ಸಾಹೇಬ್ರೇ, ಇಲ್ಲಿ ಬೆಳಕು ಸಾಲ್ದು," ಅಂದೆ.

ಅವರ ಮುಖ ಗಂಟಾಯಿತು. ನಾನು ಅವರ ಕಣ್ಣನ್ನು ಆಡಿಕೊಂಡೆ ಎಂದುಕೊಂಡರು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಪರರ ಎದುರಿಗೆ ಹೊರಗೆ ಹಾಕಿದೆ ಎಂದುಕೊಂಡರು.

"ನನಗೆ ಸಾಕು," ಅಂದರು ಗಡುಸಾಗಿ. ಚೀಲದ ದಾರಕ್ಕೆ ಕೈ ಹಾಕಿದರು.

"ಸಾಲ್ದು ಸಾಹೇಬ್ರೇ."

"ನಾಗರತ್ನ, ಸುಮ್ನಿರು!"

ಅಷ್ಟು ವರ್ಷದಲ್ಲಿ ನಾನು ಅವರ ಕೈ ಮುಟ್ಟಿದವಳಲ್ಲ. ಅಂದು ಅವರ ಎಡಗೈ ಎಳೆದು ಅಂಗೈಯಲ್ಲಿ ಒಂದು ನಾಣ್ಯ ಇಟ್ಟು, ಬಲಗೈಯ ಹೆಬ್ಬೆರಳನ್ನು ಹಿಡಿದು ಉಗುರನ್ನು ಆ ಗಾಯದ ಮೇಲೆ ಎಳೆದೆ. ಅದನ್ನು ತೆಗೆದು ಎರಡನೆಯದು ಇಟ್ಟೆ. ಮೂರನೆಯದು ಇಡುವ ಹೊತ್ತಿಗೆ ನಾನು ಎಳೆಯಬೇಕಾಗಲಿಲ್ಲ. ಉಗುರು ತಾನೇ ಹೋಗಿ ಗಾಯದಲ್ಲಿ ಕೂತಿತು.

ಅವರು ನಾಣ್ಯವನ್ನು ಚಾಪೆಯ ಮೇಲಿಟ್ಟು ಚೀಲದ ದಾರ ಬಿಗಿದರು. ಆಮೇಲೆ, "ಹೌದಮ್ಮ. ಬೆಳಕು ಸಾಲದು," ಅಂದರು. ರಾಜಣ್ಣನ ಕಡೆ ತಿರುಗಿ ವ್ಯಾಪಾರದ ದನಿಯಲ್ಲೇ ಹೇಳಿದರು: "ಮಾಲು ಚೆನ್ನಾಗಿದೆ ರಾಜಣ್ಣನೋರೇ. ಬಿಡಿಬಿಡಿಯಾಗಿ ಬೇಡ, ಇಡೀ ಚೆಂಬೇ ತಗೋತೀನಿ. ತಂದಿರೋದು ಅದಕ್ಕೆ ಆಗಲ್ಲ. ನಾಳೆ ಪೂರ್ತಿ ತರ್ತೀನಿ."

"ತಂದಿರಾದ ಬುಟ್ಟೋಗಿ, ಮುಂಗಡ ಅಂತ," ಅಂದ ಮಂಜ. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

ನಾನು ಫೋನು ಕಿವಿಗೆ ಹಿಡಿದೆ. ಸುರೇಶ ಎತ್ತಿದನೋ ಇಲ್ಲವೋ ಎಂದು ಕೂಡ ಕಾಯದೆ ಜೋರಾಗಿ ಮಾತಾಡಿದೆ: "ಸುರೇಶಪ್ಪಾ, ಇಲ್ಲಿ ಮುಗೀತು ಕಣಪ್ಪ. ದಾರಿ ಯಾರ್ನಾದ್ರೂ ಕೇಳ್ಕಂಡು ತೋಟದ ಮನೆತಕ್ಕೇ ಬಂದ್ಬುಡು. ಅಲ್ಲಿ ನಿನ್ನ ಜೊತೇಲಿ ಕುಂತಿದ್ರಲ್ಲ, ಅವ್ರನ್ನೂ ಕರ್ಕಂಡು ಬಾ."

ಅವನ ಜೊತೆ ಯಾರೂ ಕೂತಿರಲಿಲ್ಲ. ರಾಜಣ್ಣ ನನ್ನನ್ನೇ ನೋಡಿದ. ನಾನು ಫೋನನ್ನು ಕಿವಿಯಿಂದ ಇಳಿಸಲಿಲ್ಲ.

"ಯಾಕಕ್ಕಾ ಊರೆಲ್ಲ ಕರೀತೀರಾ? ನಾವೇ ಬುಡ್ತೀವಿ ನಡೀರಿ," ಅಂದ. ಮಂಜನಿಗೆ, "ಲೇ, ದಾರಿ ಬುಡ್ಲಾ," ಅಂದ.

ವಾಪಸು ಅದೇ ಜೀಪಿನಲ್ಲಿ ಹೊರಟೆವು. ಪ್ರತಿ ತಿರುವಿನಲ್ಲೂ ಇದು ಬಂದ ದಾರಿಯಲ್ಲ, ಬೇರೆ ಕಡೆ ಹೋಗುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು. ಕಿಕ್ಕೇರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದ ಜನ ಕಂಡಾಗ ನನಗೆ ಅಳು ಬಂತು. ಇಳಿದವಳೇ ಸಾಹೇಬರನ್ನು ಕಾರಿಗೆ ಹತ್ತಿಸಿದೆ.

ಕೆ.ಆರ್. ಪೇಟೆಯ ಹೋಟೆಲೊಂದರಲ್ಲಿ ಕಾಫಿಗೆ ಕೂತಾಗ ಸಾಹೇಬರು ಕೇಳಿದರು.

"ನನ್ನ ಕಣ್ಣು ಹೀಗಿರೋದು ನಿನಗೆ ಯಾವಾಗ ಗೊತ್ತಾಯ್ತು?"

"ಲೋಟ ಬಿತ್ತಲ್ಲ ಸಾಹೇಬ್ರೇ, ಅದಕ್ಕೂ ಮೊದಲೇ."

"ಹೇಳ್ಲಿಲ್ಲ."

"ನೀವು ಮೇಜು ಅಲ್ಲಾಡ್ತದೆ ಅಂದ್ರಿ. ನಾನು ಇನ್ನೇನು ಏಳ್ಲಿ?"

ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. "ಇವತ್ತು ತಪ್ಪಿದ್ದು ಕಣ್ಣಲ್ಲಮ್ಮ," ಅಂದರು. "ಚೂಪಾದ ಕಣ್ಣಿದ್ದಿದ್ದರೂ ನಾನು ಅಡಿಯದ್ದನ್ನು ನೋಡ್ತಿರಲಿಲ್ಲ. ನೋಡೋಕೆ ನನಗೆ ಇಷ್ಟ ಇರಲಿಲ್ಲ."

ಅಂದೇ ಪೊಲೀಸರಿಗೆ ದೂರು ಕೊಟ್ಟೆವು. ಅವರು ಹೋಗಿ ಹುಡುಕುವ ಹೊತ್ತಿಗೆ ಆ ತೋಟದ ಮನೆಗೆ ಬೀಗ ಬಿದ್ದಿತ್ತು. ಯಾರದೋ ಮನೆ, ಬಾಡಿಗೆಗೆ ಪಡೆದದ್ದು. ಸಾಹೇಬರನ್ನು ನಾನೇ ಮೈಸೂರಿನ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಒಂದು ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇನ್ನೊಂದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು ಅಂದರು. ಮಾರಿದ ಬೆಳ್ಳಿ ರೂಪಾಯಿಗಳಲ್ಲಿ ಕೆಲವನ್ನು ಮೈಸೂರಿನ ವ್ಯಾಪಾರಿ ವಾಪಸು ಕೊಟ್ಟರು. ಮಿಕ್ಕವು ಅಷ್ಟರಲ್ಲಿ ಕೈ ಬದಲಾಗಿದ್ದವು.

ಆಮೇಲೆ ಬಂದದ್ದು ಬೇರೆ ಬಗೆಯ ಹೆದರಿಕೆ. ಆ ಇಬ್ಬರಿಗೂ ನಮ್ಮ ಅಂಗಡಿ ಗೊತ್ತು, ನನ್ನ ಮುಖ ಗೊತ್ತು. ಪಾಂಡವಪುರದ ಬಸ್ಸಿನಲ್ಲಿ ಹಿಂದೆ ಯಾರಾದರೂ ಕೆಮ್ಮಿದರೂ ತಿರುಗಿ ನೋಡುತ್ತಿದ್ದೆ. ಬಾಗಿಲಲ್ಲಿ ಬಿಳಿ ಷರಟು ಕಂಡರೆ ಬೀರುವಿಗೆ ಬೀಗ ಹಾಕುತ್ತಿದ್ದೆ.

ಹಾಗೆ ಕೆಲವು ತಿಂಗಳು ಕಳೆದ ಮೇಲೆ ಹೊಣಕೆರೆ ಕಡೆಯ ಗಂಡ ಹೆಂಡತಿ ಬಂದರು. ಶಿವಲಿಂಗೇಗೌಡ, ಕೆಂಪಮ್ಮ. ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಜನ. ಗೌಡರು ಪೇಪರಿನ ಪೊಟ್ಟಣ ಬಿಚ್ಚಿ, "ಇವು ಅಸಲೋ ನಕಲೋ ನೋಡಿ ಏಳ್ಬುಡಿ. ಪರೀಕ್ಷೆ ಮಾಡೋಕೆ ಏನಾಯ್ತದೋ ಕೊಡ್ತೀನಿ," ಅಂದರು.

ಎರಡು ಚಿನ್ನದ ನಾಣ್ಯ. ಒಂದರ ಅಂಚಿನಲ್ಲಿ ಆ ಗಾಯ.

ನಾನು ಭೂತಗನ್ನಡಿಯಲ್ಲಿ ನೋಡಿದೆ. ಅಕ್ಷರದ ಬುಡ ಚೂಪು, ತೂಕ ಸರಿ. ನಮ್ಮ ಕೈಯಲ್ಲಿದ್ದ ಅವೇ ಅಸಲಿ ನಾಣ್ಯಗಳು. ನಿಜ ಹೇಳಬೇಕೆಂದರೆ ಅಸಲಿ ಎನ್ನಬೇಕು. ಹಾಗಂದರೆ ಇವರ ಬದುಕು ಮುಗಿಯಿತು. ಎಷ್ಟೋ ಸುಳ್ಳು ನಾಣ್ಯ ಕಂಡಿದ್ದೇನೆ, ಆದರೆ ಆ ದಿನ ಕಂಡ ನಿಜ ನಾಣ್ಯದಷ್ಟು ಯಾವುದೂ ನನ್ನನ್ನು ಹೆದರಿಸಿಲ್ಲ.

"ಇವು ಅಸಲಿ ಗೌಡ್ರೇ," ಅಂದೆ. "ಆದ್ರೆ ಕೊಟ್ಟೋನು ಅಸಲಿ ಅಲ್ಲ. ಇನ್ನೊಂದು ಚೆಂಬು ಐತೆ ಅಂದ್ನಾ?"

ಗೌಡರ ಮುಖ ಬಿಗಿಯಿತು. ನಾವು ಕಂಡದ್ದನ್ನೆಲ್ಲ ಹೇಳಿದೆವು. ಅವರು ನಂಬಲಿಲ್ಲ. "ಅಸಲಿ ಅಂತೀರಿ, ತಕ್ಕಬೇಡಿ ಅಂತೀರಿ. ನಾವು ಬುಟ್ರೆ ನೀವು ಒಡ್ಕಳವಾ ಅಂತಾನಾ? ನಡಿಯೇ," ಎಂದು ಪೊಟ್ಟಣ ಕಿತ್ತುಕೊಂಡು ಇಳಿದೇಬಿಟ್ಟರು. ಸಾಹೇಬರು, "ಗೌಡ್ರೇ, ಒಂದು ನಿಮಿಷ," ಎಂದು ಕೂಗಿದರೂ ತಿರುಗಲಿಲ್ಲ.

ಕೆಂಪಮ್ಮ ಮೆಟ್ಟಿಲ ಹತ್ತಿರ ನಿಂತರು. "ಅಕ್ಕಾ, ನೀವು ಏಳಿದ್ದು ನಿಮ್ಮ ಮಕ್ಕಳಾಣೆಗೂ ನಿಜವಾ?"

"ನಿಜ ಕಣವ್ವಾ. ಅವ್ರ ತೋಟಕ್ಕೆ ಮಾತ್ರ ಓಗ್ಬೇಡಿ. ಚೆಂಬು ತಕ್ಕಂಡು ಹಗಲೊತ್ನಲ್ಲಿ ನೀವೇ ಈ ಅಂಗಡಿಗೆ ಬನ್ನಿ, ಎಲ್ಲಾನೂ ತೂಗ್ಸಿ ತಕ್ಕತೀವಿ ಅಂತ ಅವ್ನಿಗೆ ಫೋನ್ ಮಾಡಿ. ಅಷ್ಟೇ ಏಳಿ. ಅವ್ನು ಬಂದ್ರೆ ನಾನು ಸುಳ್ಳಿ."

ಅವರು ತಲೆಯಾಡಿಸಿ ಹೋದರು. ನಾನು ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಆದರೆ ಆ ಗಂಡ ಹೆಂಡತಿಯ ನಂಬರನ್ನೇ ತೆಗೆದುಕೊಂಡಿರಲಿಲ್ಲ, ಊರು ಹೊಣಕೆರೆ ಕಡೆ ಎಂಬುದಷ್ಟೇ ಗೊತ್ತು. ಆ ವಾರವೆಲ್ಲ ನಾನೂ ಸಾಹೇಬರೂ ಬಾಗಿಲು ನೋಡುತ್ತ ಕೂತೆವು. ಅವರು ಹೋದರೋ ಏನೋ, ಚೀಲ ಕೊಟ್ಟರೋ ಏನೋ. ರಾಜಣ್ಣನ ಮೆತ್ತಗಿನ ಮಾತು ನನ್ನ ಕಿವಿಯಲ್ಲೇ ಇತ್ತು.

ಒಂದು ಮಧ್ಯಾಹ್ನ ಇಬ್ಬರೂ ಬಂದರು. ಕೆಂಪಮ್ಮ ಮುಂದೆ, ಗೌಡರು ಹಿಂದೆ. ಗೌಡರು ತಲೆ ತಗ್ಗಿಸಿದ್ದರು.

"ಅಂಗ್ಡಿಗೇ ಬನ್ನಿ ಅಂದೆ ಕಣಕ್ಕಾ," ಅಂದರು ಕೆಂಪಮ್ಮ. "ಮೊದ್ಲು ನಗಾಡ್ದ. ಯಾವ ಅಂಗ್ಡಿ ಅಂದ. ಪಟ್ಟಣದ ಗೌಸ್ ಸಾಹೇಬ್ರ ಅಂಗ್ಡಿ ಅಂದೇಟ್ಗೆ ಫೋನ್ ಕುಕ್ದ. ಆಮೇಕೆ ಎಷ್ಟು ಮಾಡಿದ್ರೂ ಸ್ವಿಚ್ ಆಫು."

ಉಳಿದದ್ದು ಆ ಎರಡು ನಾಣ್ಯ, ಮುಂಗಡವಾಗಿ ಒಂದಿಷ್ಟು ಕೊಟ್ಟು ತಂದಿದ್ದವು. ಗೌಡರು ಪೊಟ್ಟಣವನ್ನು ಸಾಹೇಬರ ಮುಂದೆ ಇಟ್ಟರು. "ಸಾಹೇಬ್ರೇ, ನಾನು ನಿಮ್ಮುನ್ನ ಕಳ್ರು ಅಂದ್ಕಂಡೆ. ಮನೆ ಉಳಿಸ್ಬುಟ್ರಿ. ಇವು ನಿಮ್ಗೇ ಇರ್ಲಿ, ನಂಗೆ ಇವುನ್ನ ಕಂಡ್ರೇ ಮೈ ಉರೀತದೆ. ದುಡ್ಡೂ ಬ್ಯಾಡ, ಏನೂ ಬ್ಯಾಡ."

ಸಾಹೇಬರು ಎರಡನ್ನೂ ಅಂಗೈಗೆ ಸುರಿದುಕೊಂಡರು. ಒಂದೊಂದನ್ನೇ ಬೆರಳಿನಿಂದ ಓದಿದರು. ಅವರ ತುಟಿ ಅಲುಗುತ್ತಿತ್ತು. ತಮ್ಮದೇ ಊರಿನ ಚಿನ್ನ, ಕೇಳದೆಯೇ, ಬಿಟ್ಟಿಯಾಗಿ ಅವರ ಕೈಯಲ್ಲಿ. ಬೀರುವಿನಲ್ಲಿ ಖಾಲಿಯಾದ ಅರೆ ಇನ್ನೂ ಹಾಗೆಯೇ ಇತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಇಟ್ಟುಕೊಂಡುಬಿಟ್ಟರೆ ನಾನು ಏನು ಹೇಳಲಿ ಎಂಬ ಭಯ. ಇಟ್ಟುಕೊಳ್ಳಲಿ ಎಂದೂ ಒಂದು ಮನಸ್ಸು.

"ಇವು ಯಾವ ಮನೆಯಿಂದ ಕದ್ದವೋ ಗೌಡ್ರೇ," ಅಂದರು ಕೊನೆಗೆ. "ಆ ಮನೆಯವರು ಇನ್ನೂ ಹುಡುಕ್ತಿರಬಹುದು. ನಡೀರಿ, ಠಾಣೆಗೆ ಕೊಟ್ಟು ಬರೋಣ. ಅವನ ಫೋನ್ ನಂಬರೂ ಕೊಡಿ."

ಆ ನಂಬರಿನ ಜಾಡು ಹಿಡಿದು ರಾಜಣ್ಣ ಎಂಬುವನನ್ನು ಆಮೇಲೆ ಹಿಡಿದರು. ಅವನ ನಿಜವಾದ ಹೆಸರೂ ಅದಲ್ಲವಂತೆ. ಮಂಜ ನಾನು ಕೆಲಸ ಬಿಡುವವರೆಗೂ ಸಿಕ್ಕಿರಲಿಲ್ಲ. ಈಗಲೂ ಜೀಪು ಪಕ್ಕದಲ್ಲಿ ನಿಂತರೆ ನಾನು ಓಡಿಸುವವನ ಮುಖ ನೋಡುತ್ತೇನೆ.

ಅಂದು ಅಂಗಡಿಗೆ ಬೀಗ ಹಾಕಿ ನಾಲ್ವರೂ ಠಾಣೆಗೆ ಹೊರಟೆವು. ಗೌಡ ದಂಪತಿ ಮುಂದೆ ಹೋಗಿ ರಸ್ತೆ ದಾಟಿದರು. ಪ್ರವಾಸಿಗರ ಬಸ್ಸುಗಳು, ಆಟೋಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಸಾಹೇಬರು ಒಬ್ಬರೇ ದಾಟುವುದು ಅವರ ರೂಢಿ, ನಾನು ಎರಡು ಹೆಜ್ಜೆ ಹಿಂದೆ ನಿಂತು ಗಾಬರಿಯಿಂದ ನೋಡುವುದು ನನ್ನ ರೂಢಿ. ಅವರು ರಸ್ತೆಯ ಅಂಚಿನಲ್ಲಿ ನಿಂತರು. ಹಾರ್ನುಗಳ ಕಡೆ ಕಿವಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗದೆಯೇ ಮೊಣಕೈಯನ್ನು ಸ್ವಲ್ಪ ಪಕ್ಕಕ್ಕೆ ಚಾಚಿ, "ಹಿಡ್ಕೊಳಮ್ಮ," ಅಂದರು.